ಇಪ್ಪತ್ತೈದು ಮೀಟರಿನ ಲೆಕ್ಕ

ಬಂದೂಕಿನ ಮೇಲೆ ಕೂರಿಸುವ ದೂರದರ್ಶಕಕ್ಕೆ ಸ್ಕೋಪು ಎಂಬ ಹೆಸರೇ ಬಳಕೆಯಲ್ಲಿ ನಿಂತಿದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಅದಕ್ಕೆ ನಿಜವಾದ ಕೆಲಸ ಬೀಳುವುದು ಊರಿಗೆ ನುಗ್ಗಿದ ಕರಡಿಗೋ ಚಿರತೆಗೋ ಅರಿವಳಿಕೆ ಮದ್ದು ಹೊಡೆಯಬೇಕಾದಾಗ. ಈ ಸೀಮೆ ಬಂಡೆಗುಡ್ಡಗಳ ಸೀಮೆ. ಬಂಡೆಗಳ ಸಂದಿನಲ್ಲಿ ಹಗಲು ಕಳೆಯುವ ಕರಡಿ ಹೊತ್ತು ಇಳಿದ ಮೇಲೆ ಗೆದ್ದಲು, ಜೇನು, ಸೀತಾಫಲ ಹುಡುಕುತ್ತ ಹೊರಡುತ್ತದೆ. ದಾರಿಯಲ್ಲಿ ಶೇಂಗಾ, ಮೆಕ್ಕೆಜೋಳದ ಹೊಲ ಸಿಕ್ಕರೆ ಬಿಡುವುದಿಲ್ಲ. 1994ರಲ್ಲಿ ದರೋಜಿಯಲ್ಲಿ ಕರಡಿಧಾಮವಾಯಿತು, 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದಾಯಿತು. ಧಾಮದ ಗಡಿ ಕರಡಿಗೆ ಗೊತ್ತಿಲ್ಲದ್ದರಿಂದ ಹೊಲ, ತೋಟ, ಒಮ್ಮೊಮ್ಮೆ ಊರೊಳಗಿನ ಪಾಳುಮನೆಯೂ ಅದಕ್ಕೆ ಕಾಡೇ.

ರೈತನ ಕೈಯಲ್ಲಿರುವ ಬಂದೂಕಿಗೆ ಸ್ಕೋಪು ಸಂಬಂಧಿಸಿದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ಗಿಡಿಯುವ ಬಂದೂಕನ್ನು. ಅದರ ಸದ್ದಿಗೆ ಬೆದರಿ ಪ್ರಾಣಿ ಓಡಿದರೆ ಕೆಲಸ ಮುಗಿಯಿತು. ಗುರಿಯ ಸೂಕ್ಷ್ಮ ಅಲ್ಲಿ ಬೇಕಿಲ್ಲ. ಕರಡಿ, ಚಿರತೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮನುಷ್ಯನ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಆಜ್ಞೆ ಕೊಡುವ ಮುನ್ನವೂ ಅದನ್ನು ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಆಗುವುದಿಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು ಎಂದು ಅದರ 11ನೇ ಕಲಮು ಹೇಳುತ್ತದೆ. ಹಾಗಾಗಿ ಇಲ್ಲಿ ಸ್ಕೋಪಿನ ಹಿಂದೆ ಕಣ್ಣಿಡುವವರು ಪಶುವೈದ್ಯರು ಇಲ್ಲವೇ ತರಬೇತಾದ ಅರಣ್ಯ ಸಿಬ್ಬಂದಿ. ನಳಿಗೆಯಿಂದ ಹೊರಡುವುದು ಮದ್ದು ತುಂಬಿದ ಸೂಜಿ, ಅಂದರೆ ಡಾರ್ಟು. ಸ್ಕೋಪುಗಳ ಬಗ್ಗೆ ಪ್ರಚಾರದಲ್ಲಿರುವ ಮಾತೆಲ್ಲ ನೂರಾರು ಮೀಟರು ದೂರ ಗುಂಡು ಹೊಡೆಯುವವರಿಗಾಗಿ ಹುಟ್ಟಿದ್ದು. ಡಾರ್ಟು ಹೊಡೆಯುವ ಇಪ್ಪತ್ತೈದು ಮೀಟರಿನಲ್ಲಿ ಅದರ ಅರ್ಧ ಭಾಗ ಸುಳ್ಳಾಗುತ್ತದೆ, ಉಳಿದರ್ಧಕ್ಕೆ ಬೆಲೆ ಹೆಚ್ಚುತ್ತದೆ.

ಸ್ಕೋಪಿನ ರಚನೆ ಸರಳ. ಮುಂದಿನ ಮಸೂರ ದೃಶ್ಯವನ್ನು ತಲೆಕೆಳಗಾಗಿ ಒಳಗೆ ಮೂಡಿಸುತ್ತದೆ. ನಡುವಿನ ಸಣ್ಣ ಕೊಳವೆಯಲ್ಲಿರುವ ಮಸೂರಗಳು ಅದನ್ನು ನೆಟ್ಟಗೆ ಮಾಡುತ್ತವೆ. ಕಣ್ಣಿನ ಕಡೆಯ ಮಸೂರ ಹಿಗ್ಗಿಸಿ ತೋರಿಸುತ್ತದೆ. ದೃಶ್ಯ ಮೂಡುವ ಜಾಗದಲ್ಲೇ ಕತ್ತರಿಯಾಕಾರದ ಗುರಿಗೆರೆಗಳಿವೆ. 1640ರ ಆಸುಪಾಸಿನಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ಖಗೋಳಾಸಕ್ತನ ದೂರದರ್ಶಕದೊಳಗೆ ಜೇಡ ಎಳೆದ ನೂಲು ದೃಶ್ಯದ ಜೊತೆಗೇ ಸ್ಪಷ್ಟವಾಗಿ ಕಂಡಿದ್ದರಿಂದ ಈ ಉಪಾಯ ಹೊಳೆಯಿತೆನ್ನುತ್ತಾರೆ. ಸ್ಕೋಪಿನ ಮೇಲೆ ಮತ್ತು ಪಕ್ಕದಲ್ಲಿ ಇರುವ ತಿರುಪುಗಳು ನಡುವಿನ ಕೊಳವೆಯನ್ನು ಒತ್ತುತ್ತವೆ, ಎದುರಿಗಿರುವ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ತಿರುಪಿನ ಒಂದೊಂದು ‘ಕ್ಲಿಕ್’ಗೂ ಗುರಿ ಒಂದು ನಿಗದಿತ ಕೋನದಷ್ಟು ಸರಿಯಬೇಕು. ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ನಮ್ಮ ಜ್ಯೋತಿಷ ಗಣಿತದಲ್ಲಿ ಕಲೆ ಎಂದು ಹೆಸರು. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್ ಕಾಲು ಕಲೆ. 100 ಮೀಟರಿನಲ್ಲಿ ಅದು ಸುಮಾರು 7 ಮಿಲಿಮೀಟರ್, 25 ಮೀಟರಿನಲ್ಲಿ 2 ಮಿಲಿಮೀಟರಿಗೂ ಕಡಿಮೆ.

ಸ್ಕೋಪಿನ ಗುಣವನ್ನು ಅಳೆಯುವಾಗ ನಿಖರತೆ, ವಿಶ್ವಾಸಾರ್ಹತೆ ಎಂಬ ಎರಡು ಮಾತು ಒಂದರೊಳಗೊಂದು ಕಲಸಿಹೋಗುತ್ತವೆ. ಸಂತೆಯ ತಕ್ಕಡಿಯನ್ನು ನೆನೆದರೆ ಬೇರ್ಪಡಿಸುವುದು ಸುಲಭ. ಯಾವಾಗ ತೂಗಿದರೂ ಕಿಲೋಗೆ 50 ಗ್ರಾಂ ಕಡಿಮೆ ತೋರಿಸುವ ತಕ್ಕಡಿ ನಿಖರವಲ್ಲ. ಆದರೂ ಅದರ ತಪ್ಪು ಗೊತ್ತಿದ್ದರೆ ಸರಿಯಾದ ತೂಕ ಕಂಡುಕೊಳ್ಳಬಹುದು. ಒಮ್ಮೆ 50 ಗ್ರಾಂ ಹೆಚ್ಚು, ಮತ್ತೊಮ್ಮೆ 30 ಗ್ರಾಂ ಕಡಿಮೆ ತೋರಿಸುವ ತಕ್ಕಡಿಯನ್ನು ಯಾವ ಲೆಕ್ಕದಿಂದಲೂ ತಿದ್ದಲಾಗದು. ಸ್ಕೋಪಿನದೂ ಇದೇ ಹಣೆಬರಹ. ಕ್ಲಿಕ್ಕಿನ ಅಳತೆ ನೂರಕ್ಕೆ ಐದು ತಪ್ಪಿದ್ದರೂ ಪ್ರತಿಸಲ ಅಷ್ಟೇ ತಪ್ಪುವ ಸ್ಕೋಪಿನಿಂದ ಕೆಲಸ ಮಾಡಿಸಬಹುದು. ಮೇಲೆ ನಾಲ್ಕು ಕ್ಲಿಕ್ ತಿರುಗಿಸಿದಾಗ ಸುಮ್ಮನಿದ್ದು, ಮೊದಲ ಹೊಡೆತದ ಅದುರಿಗೆ ತಟ್ಟನೆ ಜರುಗುವ ಸ್ಕೋಪು ಎಷ್ಟೇ ಬೆಲೆಯದಾದರೂ ಪ್ರಯೋಜನಕ್ಕಿಲ್ಲ. ತಕ್ಕಡಿಗೆ ಕಾಲಕಾಲಕ್ಕೆ ಪರೀಕ್ಷೆಯಾಗಿ ಸರ್ಕಾರದ ಮುದ್ರೆ ಬೀಳಬೇಕೆಂಬ ನಿಯಮವಿದೆ. ಸ್ಕೋಪಿಗೆ ಅಂಥ ಮುದ್ರೆಯಿಲ್ಲ, ಬಳಸುವವನೇ ಪರೀಕ್ಷಕ.

ಅಂಗಡಿಯಲ್ಲಿ ಸ್ಕೋಪು ಮಾರಾಟವಾಗುವುದು ಹಿಗ್ಗಿಸುವ ಶಕ್ತಿಯ ಮೇಲೆ. ‘3–9×40’ ಎಂದು ಬರೆದಿದ್ದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ಅಡ್ಡಳತೆ 40 ಮಿಲಿಮೀಟರ್ ಎಂದು ಅರ್ಥ. ದೊಡ್ಡ ಸಂಖ್ಯೆಯೇ ಒಳ್ಳೆಯದೆಂದು ಕೊಳ್ಳುವವರು ತಿಳಿಯುವುದು ಸಹಜ. ಮುಸ್ಸಂಜೆಯ ಹೊಲದಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಮಸೂರದ ಅಡ್ಡಳತೆಯನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲಪುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ: ಒಂಬತ್ತು ಪಟ್ಟಿಗೆ ಸುಮಾರು 4.4 ಮಿಲಿಮೀಟರ್, ನಾಲ್ಕು ಪಟ್ಟಿಗೆ 10. ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರಿನಷ್ಟು ಅರಳುತ್ತದೆ, ವಯಸ್ಸಾದವರದು ಅದಕ್ಕಿಂತ ಕಡಿಮೆ. ಹಿಗ್ಗುವಿಕೆ ಹೆಚ್ಚಿಸಿದಷ್ಟೂ ದೃಶ್ಯ ಮಬ್ಬಾಗುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ, ಕಣ್ಣು ಕೂದಲೆಳೆಯಷ್ಟು ಸರಿದರೂ ಎಲ್ಲ ಕಪ್ಪಾಗುತ್ತದೆ. ಕಪ್ಪು ಬಂಡೆಯ ನೆರಳಿನಲ್ಲಿ ನಿಂತ ಕಪ್ಪು ಕರಡಿಯನ್ನು ಒಂಬತ್ತು ಪಟ್ಟು ಹಿಗ್ಗಿಸಿದರೆ ಕಾಣುವುದು ಕಪ್ಪು ಕೂದಲು ಮಾತ್ರ, ಅದು ತೊಡೆಯೋ ಪಕ್ಕೆಯೋ ತಿಳಿಯುವುದಿಲ್ಲ. ಡಾರ್ಟು ಬಂದೂಕಿಗೆ ನಾಲ್ಕು ಪಟ್ಟು ಧಾರಾಳ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದೂರದರ್ಶಕ ಗುರಿಗೆ ಅನುಮತಿಯೇ ಇಲ್ಲ. ಹತ್ತು ಅಂಕದ ಚುಕ್ಕಿಯ ಅಡ್ಡಳತೆ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಮೂಲಕ ನೋಡಿ.

ದೃಷ್ಟಿಭೇದ ಎಂಬ ದೋಷದ ಬಗ್ಗೆ ಹೆಚ್ಚು ಚರ್ಚೆ ನಡೆಯುತ್ತದೆ. ದೃಶ್ಯವೂ ಗುರಿಗೆರೆಯೂ ಒಂದೇ ಸಮತಲದಲ್ಲಿ ಬೀಳದಿದ್ದರೆ, ಕಣ್ಣು ಅತ್ತಿತ್ತ ಸರಿದಂತೆ ಗೆರೆಯೂ ಗುರಿಯ ಮೇಲೆ ಅತ್ತಿತ್ತ ಓಡಾಡುತ್ತದೆ. ಅಗ್ಗದ ಸ್ಕೋಪುಗಳಲ್ಲಿ ಇದನ್ನು ಸಾಮಾನ್ಯವಾಗಿ 100 ಗಜ, ಅಂದರೆ 91 ಮೀಟರಿಗೆ ಹೊಂದಿಸಿ ಬಿಟ್ಟಿರುತ್ತಾರೆ. ಹಾಗಾದರೆ 25 ಮೀಟರಿನಲ್ಲಿ ಗತಿಯೇನು ಎಂಬ ಅಂಜಿಕೆಗೆ ಲೆಕ್ಕವೇ ಉತ್ತರ. 40 ಮಿಲಿಮೀಟರ್ ಮಸೂರದ ಸ್ಕೋಪಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಹೋದರೂ ತಪ್ಪು ಒಂದೂವರೆ ಸೆಂಟಿಮೀಟರ್ ದಾಟದು. ಕರಡಿಯ ತೊಡೆಯ ಸ್ನಾಯುವಿಗೆ ಅದು ಲೆಕ್ಕಕ್ಕಿಲ್ಲ. ನಿಜವಾದ ತೊಂದರೆ ದೃಶ್ಯ ಮಸುಕಾಗುವುದು. ಹತ್ತಿರದ ದೂರಕ್ಕೆ ಹೊಂದಿಸಲು ಬರುವ ಸ್ಕೋಪು ಕೊಂಡರೆ ಲಾಭ ಇರುವುದೂ ಅಷ್ಟೇ.

ಸ್ಕೋಪು ಬಂದೂಕನ್ನು ಹಿಡಿದುಕೊಂಡ ಜಾಗ ಮಾತ್ರ ಅಲಕ್ಷಿಸುವಂಥದ್ದಲ್ಲ. ಮುಂದೊಂದು ಹಿಂದೊಂದು ಬಳೆ ಸ್ಕೋಪನ್ನು ಬಿಗಿದಿರುತ್ತವೆ. ಅವುಗಳ ನಡುವೆ ಹೆಚ್ಚೆಂದರೆ 12 ಸೆಂಟಿಮೀಟರ್ ಅಂತರ. ಒಂದು ಬಳೆ ಒಂದೇ ಮಿಲಿಮೀಟರ್ ಜರುಗಿದರೆ 25 ಮೀಟರಿನಲ್ಲಿ ಗುರಿ 21 ಸೆಂಟಿಮೀಟರ್ ತಪ್ಪುತ್ತದೆ. ಕಣ್ಣಿಗೆ ಕಾಣದ ಹತ್ತನೇ ಒಂದು ಮಿಲಿಮೀಟರ್ ಜರುಗಿದರೂ 2 ಸೆಂಟಿಮೀಟರ್. ಸ್ಕೋಪಿನೊಳಗಿನ ಯಾವ ದೋಷವೂ ಇಷ್ಟು ಸುಲಭವಾಗಿ ಇಷ್ಟು ದೊಡ್ಡ ತಪ್ಪು ಹುಟ್ಟಿಸುವುದಿಲ್ಲ. ಜೀಪಿನ ಹಿಂಬದಿಯಲ್ಲಿ ಕಲ್ಲುದಾರಿಯ ಕುಲುಕಾಟ ತಿಂದ ಬಂದೂಕಿನಲ್ಲಿ ಸಡಿಲವಾಗುವುದು ಮೊದಲು ಈ ಬಳೆಯ ತಿರುಪುಗಳೇ. ‘ಸ್ಕೋಪು ಕೆಟ್ಟಿದೆ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದೂ ಇಲ್ಲೇ. ಒಂದು ಮಾತು ಪಕ್ಕಕ್ಕೆ: ಸ್ಪ್ರಿಂಗ್ ಹಾಕಿದ ಏರ್‌ಗನ್ನು ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಹೀಗೆ ಎರಡು ಕಡೆ ಒದೆಯುವುದರಿಂದ, ದೊಡ್ಡ ರೈಫಲ್ಲಿನ ಒದೆತ ತಾಳುವ ಸ್ಕೋಪು ಕೂಡ ಅದರ ಮೇಲೆ ಒಡೆಯಬಹುದು. ಇಂಗಾಲದ ಡೈ ಆಕ್ಸೈಡಿನ ಒತ್ತಡದಿಂದ ನಡೆಯುವ ಡಾರ್ಟು ಬಂದೂಕಿನಲ್ಲಿ ಒದೆತ ತೀರ ಸೌಮ್ಯ. ಈ ಕೆಲಸಕ್ಕೆ ಸ್ಕೋಪಿನ ಶತ್ರು ರಸ್ತೆ, ಬಿಸಿಲು ಮತ್ತು ದೂಳು. ಏಪ್ರಿಲ್–ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಮುಚ್ಚಿದ ವಾಹನದೊಳಗೆ ಬಿಟ್ಟ ಸ್ಕೋಪಿನ ರಬ್ಬರ್ ಉಂಗುರಗಳು ಕಾಲಕ್ರಮದಲ್ಲಿ ಬಿರುಸಾಗುತ್ತವೆ. ಒಳಗೆ ತುಂಬಿದ ಒಣ ಸಾರಜನಕ ಸೋರಿ ತೇವದ ಗಾಳಿ ಸೇರಿಕೊಂಡರೆ ಮೊದಲ ಮಳೆಗೇ ಮಸೂರದ ಒಳಮೈ ಮಂಜು ಹಿಡಿಯುತ್ತದೆ. ಹೊರಗಿನ ಮಂಜನ್ನು ಒರೆಸಬಹುದು, ಒಳಗಿನದಕ್ಕೆ ಮದ್ದಿಲ್ಲ.

ಇಷ್ಟೆಲ್ಲ ಸರಿಯಾಗಿದೆ ಎಂದುಕೊಂಡರೂ ಡಾರ್ಟು ಗುರಿ ತಪ್ಪುತ್ತದೆ, ಮತ್ತು ಬೈಗುಳ ಬೀಳುವುದು ಸ್ಕೋಪಿಗೆ. ಕಾರಣ ಡಾರ್ಟಿನ ನಿಧಾನ. ಸೆಕೆಂಡಿಗೆ 800 ಮೀಟರ್ ಓಡುವ ರೈಫಲ್ ಗುಂಡು 25 ಮೀಟರ್ ತಲಪುವಷ್ಟರಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಸೆಕೆಂಡಿಗೆ 60 ಮೀಟರ್ ಓಡುವ ಡಾರ್ಟಿಗೆ ಅದೇ ದೂರಕ್ಕೆ 0.4 ಸೆಕೆಂಡಿಗೂ ತುಸು ಹೆಚ್ಚು ಬೇಕು. ಅಷ್ಟು ಹೊತ್ತಿಗೆ ಭೂಮಿ ಅದನ್ನು 85 ಸೆಂಟಿಮೀಟರ್ ಕೆಳಗೆಳೆದಿರುತ್ತದೆ. ಗಾಳಿಯ ತಡೆ ಸೇರಿಸಿದರೆ ಇನ್ನೂ ಹೆಚ್ಚು. ಅದು ಹೋಗುವುದು ಕವಣೆ ಕಲ್ಲಿನ ಹಾಗೆ, ಬಾಗಿದ ದಾರಿಯಲ್ಲಿ. ಸ್ಕೋಪಾದರೋ ನೇರ ಗೆರೆಯಲ್ಲಿ ನೋಡುತ್ತದೆ. ಆ ಎರಡು ದಾರಿಗಳು ಕೂಡುವ ಒಂದು ಬಿಂದುವನ್ನು ಆರಿಸಿಕೊಳ್ಳುವುದೇ ಗುರಿ ಹೊಂದಿಸುವುದು.

ನಳಿಗೆಗಿಂತ 5 ಸೆಂಟಿಮೀಟರ್ ಮೇಲೆ ಕೂತ ಸ್ಕೋಪನ್ನು ಇದೇ ವೇಗಕ್ಕೆ, 25 ಮೀಟರಿಗೆ ಹೊಂದಿಸಿದೆ ಎನ್ನೋಣ. ಪ್ರಾಣಿ ನಿಜವಾಗಿ 30 ಮೀಟರಿನಲ್ಲಿದ್ದರೆ ಡಾರ್ಟು ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 20 ಮೀಟರಿನಲ್ಲಿದ್ದರೆ 13 ಸೆಂಟಿಮೀಟರ್ ಮೇಲೆ, 15 ಮೀಟರಿನಲ್ಲಿದ್ದರೆ 18 ಸೆಂಟಿಮೀಟರ್ ಮೇಲೆ. ಮಾಂಸಲವಾದ ತೊಡೆಗೆ ಇಟ್ಟ ಗುರಿ ಹಾಗೆ ಬೆನ್ನೆಲುಬಿಗೋ ಮೊಣಕಾಲಿಗೋ ಹೋಗಬಹುದು. ಬಂಡೆಗಳ ನಡುವೆ, ಜಾಲಿ ಪೊದೆಯ ಆಚೆ, ಬೆಳಕು ಕಮ್ಮಿಯಿರುವಾಗ ಐದು ಮೀಟರ್ ಅಂದಾಜು ತಪ್ಪುವುದು ದೊಡ್ಡ ತಪ್ಪೇನಲ್ಲ, ಅನುಭವಿಗಳಿಗೂ ಆಗುತ್ತದೆ. ಹೋಲಿಕೆಗೆ ಹೇಳುವುದಾದರೆ, ಸ್ಕೋಪು ಐದು ಕಲೆಯಷ್ಟು ಜರುಗಿದ್ದರೆ 25 ಮೀಟರಿನಲ್ಲಿ ಆಗುವ ತಪ್ಪು ಮೂರೂವರೆ ಸೆಂಟಿಮೀಟರ್ ಚಿಲ್ಲರೆ. ರೈಫಲ್ ಸ್ಪರ್ಧಿಯೊಬ್ಬ ಅಂಥ ಸ್ಕೋಪನ್ನು ಎಸೆದೇಬಿಡುತ್ತಾನೆ. ಡಾರ್ಟು ಹೊಡೆಯುವವನಿಗೆ ಅದು ದೂರದ ಅಂದಾಜಿನಲ್ಲಿ ಒಂದು ಮೀಟರ್ ತಪ್ಪಿದ್ದಕ್ಕೆ ಸಮ. ಹಾಗಾಗಿ ಇಲಾಖೆಯ ಹಣ ದುಬಾರಿ ಸ್ಕೋಪಿಗೆ ಹೋಗುವುದಕ್ಕಿಂತ ಲೇಸರ್ ದೂರಮಾಪಕಕ್ಕೆ ಹೋಗುವುದು ಲೇಸು. ಸಾಧಾರಣ ಸ್ಕೋಪಿನ ಜೊತೆ ಒಳ್ಳೆಯ ದೂರಮಾಪಕ, ಶ್ರೇಷ್ಠ ಸ್ಕೋಪಿನ ಜೊತೆ ಬರಿಗಣ್ಣಿನ ಅಂದಾಜು, ಇವೆರಡರಲ್ಲಿ ಮೊದಲನೆಯದೇ ಪ್ರಾಣಿಯನ್ನೂ ಮನುಷ್ಯನನ್ನೂ ಉಳಿಸುತ್ತದೆ.

ಒತ್ತಡದ್ದೂ ಅಷ್ಟೇ ತೂಕದ ವಿಷಯ. ಈ ಬಂದೂಕುಗಳಲ್ಲಿ ಅನಿಲದ ಒತ್ತಡವನ್ನು ಮಾಪಕ ನೋಡಿ ಏರಿಸುತ್ತಾರೆ. ಹೆಚ್ಚು ದೂರಕ್ಕೆ ಹೆಚ್ಚು ಒತ್ತಡ. ಮಾಪಕದ ಮುಳ್ಳು ತುಸು ಸುಳ್ಳು ಹೇಳಿ ಡಾರ್ಟಿನ ವೇಗ 60ರ ಬದಲು 55 ಮೀಟರಿಗೆ ಇಳಿದರೆ ಅದೇ 25 ಮೀಟರಿನಲ್ಲಿ ಪೆಟ್ಟು 16 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಒತ್ತಡ ಹೆಚ್ಚಿಸಿ ದಾರಿಯನ್ನು ನೆಟ್ಟಗೆ ಮಾಡಿಬಿಟ್ಟರಾಗದೇ ಎಂದರೆ, ಆಗದು. ಹತ್ತಿರದಿಂದ ಜೋರಾಗಿ ಬಂದ ಡಾರ್ಟು ಮಾಂಸ ಹರಿಯುತ್ತದೆ, ಎಲುಬು ಮುರಿಯುತ್ತದೆ, ಹೊಟ್ಟೆಗೆ ಬಿದ್ದರೆ ಪ್ರಾಣವನ್ನೇ ತೆಗೆಯುತ್ತದೆ. ಪ್ರಾಣಿಯನ್ನು ಬದುಕಿಸಲು ಹೊಡೆಯುವ ಹೊಡೆತ ನಿಧಾನವಾಗಿಯೇ ಇರಬೇಕು. ನಿಧಾನದ ಬೆಲೆಯನ್ನು ಅಂದಾಜಿನ ಎಚ್ಚರದಿಂದ ತೆರಬೇಕು.

ಬಂದೂಕು ಪಕ್ಕಕ್ಕೆ ವಾಲುವುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಇಳಿಜಾರು ಬಂಡೆಯ ಮೇಲೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಂತವನ ಕೈಯಲ್ಲಿ ಬಂದೂಕು ಐದು ಡಿಗ್ರಿ ವಾಲಿದ್ದರೆ ಅವನಿಗೆ ತಿಳಿಯುವುದಿಲ್ಲ. ಗುರಿ ಹೊಂದಿಸುವಾಗ ನಳಿಗೆಯನ್ನು ಮೇಲಕ್ಕೆತ್ತಿದ ಕೋನ ಆಗ ಪಕ್ಕಕ್ಕೂ ಹಂಚಿಹೋಗುತ್ತದೆ. 100 ಮೀಟರಿನ ರೈಫಲ್ ಗುಂಡಿಗೆ ಇದರಿಂದಾಗುವ ತಪ್ಪು ಒಂದು ಸೆಂಟಿಮೀಟರಿಗೂ ಕಡಿಮೆ. 25 ಮೀಟರಿನ ಡಾರ್ಟಿಗೆ 7 ಸೆಂಟಿಮೀಟರಿಗೂ ಹೆಚ್ಚು. ಗಾರೆ ಕೆಲಸದವರ ರಸಮಟ್ಟದಂಥ ಪುಟ್ಟ ಗಾಳಿಗುಳ್ಳೆಯ ಕೊಳವೆಯೊಂದನ್ನು ಸ್ಕೋಪಿಗೆ ಕಟ್ಟಿದರೆ ಈ ತಪ್ಪು ಪೂರ್ತಿ ನಿಲ್ಲುತ್ತದೆ. ಅದರ ಬೆಲೆ ಸ್ಕೋಪಿನ ಬೆಲೆಯಲ್ಲಿ ಒಂದು ಚೂರು.

ದೂರದರ್ಶಕವನ್ನು ನಂಬದೆ ಅದರಿಂದಲೇ ಸತ್ಯ ಹೊರಡಿಸುವ ವಿದ್ಯೆ ಭೂಮಾಪಕರದು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ವರ್ಷವೇ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆ ಅಳೆಯತೊಡಗಿದ. ಕೋನ ಅಳೆಯುವ ಅವನ ಥಿಯೊಡೊಲೈಟು ಅರ್ಧ ಟನ್ ತೂಗುತ್ತಿತ್ತು. ಅದರಲ್ಲೂ ಇದ್ದದ್ದು ಮಸೂರ, ಗುರಿಗೆರೆ, ತಿರುಪು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಉಪಕರಣ ಗೋಡೆಗೆ ಬಡಿದು ಜಜ್ಜಿಹೋಯಿತು; ಲ್ಯಾಂಬ್ಟನ್ ವಾರಗಟ್ಟಲೆ ಕೂತು ಅದನ್ನು ತಟ್ಟಿ ಸರಿಮಾಡಿಕೊಂಡು ಮತ್ತೆ ವರ್ಷಗಟ್ಟಲೆ ಬಳಸಿದ. ಜಜ್ಜಿದ ಉಪಕರಣದಿಂದ ಅಳೆಯುವ ಧೈರ್ಯಕ್ಕೆ ಭೂಮಾಪನದ ಕ್ರಮವೇ ಆಸರೆ. ಭೂಮಾಪಕ ಒಂದೇ ಗುರಿಯನ್ನು ಹಲವು ಸಲ ನೋಡುತ್ತಾನೆ, ಕೋನದ ಚಕ್ರದ ಬೇರೆಬೇರೆ ಭಾಗದಲ್ಲಿ ಓದುತ್ತಾನೆ. ಇವತ್ತಿನ ಥಿಯೊಡೊಲೈಟಿನಲ್ಲಾದರೆ ದೂರದರ್ಶಕವನ್ನು ಮಗುಚಿ ಇನ್ನೊಂದು ಮುಖದಿಂದಲೂ ಓದಿ ಸರಾಸರಿ ತೆಗೆಯುತ್ತಾನೆ. ಉಪಕರಣದ ವಕ್ರತೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಬಿದ್ದು ಅಳಿಸಿಹೋಗುತ್ತದೆ. ಕಾಲುವೆಯ ಮಟ್ಟ ಹಿಡಿಯುವ ಎಂಜಿನಿಯರ್ ಕೂಡ ಎರಡು ಗೂಟ ನೆಟ್ಟು, ನಡುವಿನಿಂದಲೂ ಒಂದು ಬದಿಯಿಂದಲೂ ನೋಡಿ, ಉಪಕರಣ ಎಷ್ಟು ಸುಳ್ಳು ಹೇಳುತ್ತಿದೆಯೆಂದು ಕಂಡುಕೊಂಡ ಮೇಲೆಯೇ ಕೆಲಸ ಶುರುಮಾಡುತ್ತಾನೆ. ಬಂದೂಕಿನ ಸ್ಕೋಪಿಗೆ ಇನ್ನೊಂದು ಮುಖವಿಲ್ಲ. ಕರಡಿಯ ಮುಂದೆ ಸರಾಸರಿ ತೆಗೆಯುವಷ್ಟು ಅವಕಾಶವೂ ಇಲ್ಲ. ಮೊದಲ ಡಾರ್ಟೇ ಕೊನೆಯದಾಗಬಹುದು. ಆದ್ದರಿಂದ ಪರೀಕ್ಷೆಯೆಲ್ಲ ಮೊದಲೇ ಮುಗಿದಿರಬೇಕು.

ಆ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಖಾಲಿ ಬಂದೂಕನ್ನು ಮರಳಿನ ಚೀಲಗಳ ನಡುವೆ ಅಲುಗದಂತೆ ಹೂತು, 100 ಮೀಟರ್ ದೂರದಲ್ಲಿ ಒಂದು ಮೀಟರ್ ಪಟ್ಟಿಯನ್ನು ನೇರವಾಗಿ ನಿಲ್ಲಿಸಿ, ಗುರಿಗೆರೆಯನ್ನು ಸೊನ್ನೆಗೆ ತಂದು 40 ಕ್ಲಿಕ್ ತಿರುಗಿಸಬೇಕು. ಕಾಲು ಕಲೆಯ ಸ್ಕೋಪಾದರೆ ಗೆರೆ 29 ಸೆಂಟಿಮೀಟರಿನ ಹತ್ತಿರ ನಿಲ್ಲಬೇಕು. 40 ಕ್ಲಿಕ್ ಹಿಂದಕ್ಕೆ ತಿರುಗಿಸಿದರೆ ಸೊನ್ನೆಗೇ ಬರಬೇಕು. ಹತ್ತು ಸಲ ಹೀಗೆ ಮಾಡಿದಾಗ 27ಕ್ಕೋ 31ಕ್ಕೋ ಹೋಗಿ ಪ್ರತಿಸಲ ಅಲ್ಲೇ ನಿಂತರೆ ಆ ಸ್ಕೋಪನ್ನು ಇಟ್ಟುಕೊಳ್ಳಬಹುದು. ಸೊನ್ನೆಗೆ ಮರಳದಿದ್ದರೆ ಒಳಗಿನ ಸ್ಪ್ರಿಂಗ್ ಸೋತಿದೆ. ತಿರುಪು ಮುಟ್ಟದೆ ಕಣ್ಣನ್ನಷ್ಟೇ ಆಚೀಚೆ ಸರಿಸಿ ಗೆರೆ ಎಷ್ಟು ಓಡುತ್ತದೆಂದು ನೋಡಿದರೆ ದೃಷ್ಟಿಭೇದದ ಅಳತೆ ಸಿಗುತ್ತದೆ.

ಡಾರ್ಟು ಬಂದೂಕಿಗೆ ಇನ್ನೂ ಸುಲಭದ ಉಪಾಯವೊಂದಿದೆ. ಅದರ ನಳಿಗೆ 11 ಇಲ್ಲವೇ 13 ಮಿಲಿಮೀಟರ್ ಅಗಲ. ಒತ್ತಡ ಪೂರ್ತಿ ಇಳಿಸಿ, ಡಾರ್ಟಿಲ್ಲವೆಂದು ಖಚಿತಪಡಿಸಿಕೊಂಡು, ಹಿಂಬದಿ ತೆರೆದು ನಳಿಗೆಯೊಳಗಿನಿಂದ ದೂರದ ಬಂಡೆಯೊಂದರ ತುದಿಯನ್ನು ನೋಡಬೇಕು. ಬಂದೂಕು ಅಲುಗದೆ ಹಾಗೇ ಇರುವಾಗ ಸ್ಕೋಪಿನ ಗೆರೆ ಯಾವ ಜಾಗ ಮುಟ್ಟುತ್ತದೆಂದು ಗುರುತು ಹಾಕಿಕೊಂಡರೆ, ಪ್ರತಿ ಪ್ರಯಾಣದ ನಂತರ ಒಂದು ಡಾರ್ಟನ್ನೂ ಖರ್ಚು ಮಾಡದೆ ಬಳೆ ಜರುಗಿದೆಯೋ ಇಲ್ಲವೋ ತಿಳಿಯಬಹುದು. ಬಳೆಯ ತಿರುಪಿನ ತಲೆಗೂ ಬಳೆಗೂ ಸೇರಿಸಿ ಎಳೆದ ಬಣ್ಣದ ಒಂದು ಗೆರೆ ಕೂಡ ಸಾಕು. ತಿರುಪು ಸಡಿಲಾದರೆ ಗೆರೆ ಒಡೆದು ಕಾಣುತ್ತದೆ.

ಕೊನೆಗೆ ಹೊಡೆದೇ ನೋಡಬೇಕು. ಮದ್ದಿನ ಬದಲು ನೀರು ತುಂಬಿ, ತೂಕ ಅಷ್ಟೇ ಇರುವಂತೆ ನೋಡಿಕೊಂಡ ಡಾರ್ಟುಗಳನ್ನು 10, 15, 20, 25, 30 ಮೀಟರಿನಿಂದ ಗೋಣಿ ಸುತ್ತಿದ ಹುಲ್ಲಿನ ಪೆಂಡಿಗೆ ಹೊಡೆಯುವುದು ವಾಡಿಕೆ. ಮೂರೇ ಹೊಡೆತದ ಗುಂಪು ನೋಡಿ ತಿರುಪು ತಿರುಗಿಸುವುದು ಅವಸರದ ಕೆಲಸ. ಮೂರು ಪೆಟ್ಟು ಅದೃಷ್ಟದಿಂದಲೂ ಒಂದೆಡೆ ಬೀಳುತ್ತವೆ; ಹತ್ತು ಪೆಟ್ಟು ಬಿದ್ದ ಮೇಲೆ ಚೆದುರಿದ್ದು ಡಾರ್ಟಿನ ಗುಣವೋ, ಗುಂಪಿಗೆ ಗುಂಪೇ ಸರಿದದ್ದು ಸ್ಕೋಪಿನ ತಪ್ಪೋ ಬೇರೆಬೇರೆಯಾಗಿ ಕಾಣುತ್ತದೆ. ಹೀಗೆ ಸಿಕ್ಕ ದೂರ–ಒತ್ತಡದ ಪಟ್ಟಿ ಆ ಬಂದೂಕು, ಆ ಸ್ಕೋಪು, ಆ ಅಳತೆಯ ಡಾರ್ಟು ಮೂರಕ್ಕೂ ಸೇರಿ ಒಂದೇ. ಮೂರು ಮಿಲಿಲೀಟರ್ ಡಾರ್ಟಿನ ಪಟ್ಟಿ ಐದು ಮಿಲಿಲೀಟರಿನದಕ್ಕೆ ಹೊಂದದು. ದುರಸ್ತಿಗೆಂದು ಸ್ಕೋಪನ್ನು ಬಿಚ್ಚಿ ಮತ್ತೆ ಕೂರಿಸಿದ ದಿನ, ಬಂದೂಕಿನ ಹಿಡಿಗೆ ಅಂಟಿಸಿದ ಹಳೆಯ ಪಟ್ಟಿಯನ್ನು ಕಿತ್ತು ಹಾಕಿ ಹುಲ್ಲಿನ ಪೆಂಡಿಯಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ.